ಅರ್ಕಾವತಿಯ ಬೆನ್ನು ಹತ್ತಿ

ದಸರಾ ರಜೆ ಬಂತೆಂದರೆ ಮಕ್ಕಳ ಬೇಡಿಕೆಯ ಪಟ್ಟಿ ಸಿದ್ಧ: ಜಲಪಾತ ನೋಡಬೇಕು, ಹೊಳೆಗೆ ಇಳಿಯಬೇಕು, ಒಂದು ರಾತ್ರಿಯಾದರೂ ಡೇರೆಯಲ್ಲಿ ಮಲಗಬೇಕು. ಇದಕ್ಕಾಗಿ ಜೋಗದವರೆಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಪಶ್ಚಿಮ ಅಂಚಿನ ಹೇರೋಹಳ್ಳಿಯಿಂದ ಮಾಗಡಿ ರಸ್ತೆ ಹಿಡಿದರೆ ಅರ್ಕಾವತಿ ಸಿಗುತ್ತದೆ. ನಂದಿಬೆಟ್ಟದಲ್ಲಿ ಹುಟ್ಟಿ, ಕನಕಪುರದಾಚೆ ಸಂಗಮದಲ್ಲಿ ಕಾವೇರಿಯನ್ನು ಸೇರುವ ಈ ಹೊಳೆಯ ದಂಡೆ ಹಿಡಿದು ಎರಡು ದಿನ ಸಾಗಿದರೆ ಮಕ್ಕಳು ಕೇಳಿದ್ದೆಲ್ಲ ದಾರಿಯಲ್ಲೇ ಇದೆ. ಕೇಳದ ಪಾಠವೂ ಒಂದಿದೆ.

ಮೊದಲು ಸಿಗುವುದು ತಿಪ್ಪಗೊಂಡನಹಳ್ಳಿ ಜಲಾಶಯ. ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿ ಅರ್ಕಾವತಿಯನ್ನು ಕೂಡುವ ಜಾಗದಲ್ಲಿ 1933ರಲ್ಲಿ ಇದನ್ನು ಕಟ್ಟಿದರು. ಬೆಂಗಳೂರಿನ ಎಷ್ಟೋ ಮನೆಗಳು ಹಲವು ದಶಕ ಕುಡಿದದ್ದು ಇದೇ ನೀರನ್ನು. ಹೊಳೆ ಸೊರಗಿತು, ನೀರು ಕೆಟ್ಟಿತು. 2012ರಲ್ಲಿ ನಗರಕ್ಕೆ ಇಲ್ಲಿಂದ ನೀರು ಕೊಡುವುದನ್ನೇ ನಿಲ್ಲಿಸಬೇಕಾಯಿತು.

ಮುಂದಿನದು ಮಂಚನಬೆಲೆ. ಒಂದು ಕಡೆ ಸಾವನದುರ್ಗದ ಕರಿಬಂಡೆ, ಇನ್ನೊಂದು ಕಡೆ ಗುಡ್ಡಗಳ ನಡುವೆ ಹರಡಿಕೊಂಡ ನೀಲಿ ನೀರು. ನೋಡಿದವರಿಗೆ ಧುಮುಕುವ ಆಸೆಯಾದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿ ಈಜು ನಿಷಿದ್ಧ. ದಡದಲ್ಲಿ ಮೊಣಕಾಲುದ್ದ ಕಾಣುವ ನೀರು ಎರಡು ಹೆಜ್ಜೆಯಲ್ಲಿ ಆಳುದ್ದವಾಗುತ್ತದೆ, ಕೆಳಗಿನ ಹೂಳು ಕಾಲನ್ನು ಹಿಡಿದುಕೊಳ್ಳುತ್ತದೆ. ಗೆಳೆಯರ ಜೊತೆ ಬಂದು ಮನೆಗೆ ಮರಳದ ಹುಡುಗರು ಒಬ್ಬಿಬ್ಬರಲ್ಲ. ನಾವು ದಡದಲ್ಲೇ ಕುಳಿತು ಸೂರ್ಯಾಸ್ತ ನೋಡಿದೆವು. ಸಮೀಪದ ಶಿಬಿರವೊಂದರಲ್ಲಿ ಡೇರೆ ಹೂಡಿ, ಕಟ್ಟಿ ತಂದಿದ್ದ ಚಪಾತಿ, ಚಿತ್ರಾನ್ನ ತಿಂದು, ಜೀರುಂಡೆಗಳ ಗಲಾಟೆಯಲ್ಲೇ ನಿದ್ದೆ ಹೋದೆವು.

ಮರುದಿನ ರಾಮನಗರ, ಕನಕಪುರ ಹಾದು ಚುಂಚಿ ಜಲಪಾತ. ಹಾರೋಬೆಲೆ ಅಣೆಕಟ್ಟಿನ ಕೆಳಗೆ ಅರ್ಕಾವತಿ ಬಂಡೆಗಳ ನಡುವೆ ನುಸುಳಿ ಸುಮಾರು 50 ಅಡಿ ಧುಮುಕುತ್ತದೆ. ಮಳೆಗಾಲ ಮುಗಿದ ಹೊಸತರಲ್ಲಿ ಅದರ ಆರ್ಭಟ ಕೇಳಿಯೇ ತಿಳಿಯಬೇಕು. ನೀರು ಬಿದ್ದ ಮಡುವಿನಲ್ಲಿ ಮಾತ್ರ ನೊರೆ ಒಡೆಯದೆ, ಹತ್ತಿಯ ಮುದ್ದೆಗಳಂತೆ ತೇಲುತ್ತಿತ್ತು. "ಇದು ಸೋಪಿನ ನೊರೆಯ ಹಾಗಿದೆಯಲ್ಲ?" ಎಂದಳು ಮಗಳು.

ಅವಳ ಅನುಮಾನ ಸರಿಯೇ ಆಗಿತ್ತು. ನೀರು ಎತ್ತರದಿಂದ ಬಿದ್ದರೆ ಎಲ್ಲಿಯಾದರೂ ಗುಳ್ಳೆ ಏಳುತ್ತದೆ. ಶುದ್ಧ ನೀರಿನ ಗುಳ್ಳೆ ಕೂಡಲೇ ಒಡೆಯುತ್ತದೆ. ಸಾಬೂನು, ಡಿಟರ್ಜೆಂಟು ಬೆರೆತರೆ ನೀರಿನ ಮೇಲ್ಮೈ ಎಳೆತ ತಗ್ಗಿ ನೊರೆ ಬಹಳ ಹೊತ್ತು ನಿಲ್ಲುತ್ತದೆ. ಈ ಸಾಬೂನು ಬಂದದ್ದೆಲ್ಲಿಂದ? ರಾಜಾಜಿನಗರ, ವಿಜಯನಗರ, ಕೆಂಗೇರಿಯ ಬಚ್ಚಲ ನೀರು ಹೊತ್ತ ವೃಷಭಾವತಿ, ಬಿಡದಿ ಬಳಿಯ ಬೈರಮಂಗಲ ಕೆರೆ ಹಾದು, ಕನಕಪುರದ ಬಳಿ ಅರ್ಕಾವತಿಯನ್ನು ಸೇರುತ್ತದೆ. ನಾವು ಕಾರಿನಲ್ಲಿ ಬರುವ ಮೊದಲೇ ನಮ್ಮೂರ ಕೊಳೆ ಇಲ್ಲಿಗೆ ಬಂದು ತಲುಪಿತ್ತು! ಚುಂಚಿಯಲ್ಲಿ ಯಾರೂ ನೀರಿಗೆ ಇಳಿಯಲಿಲ್ಲ.

ಕೊನೆಯ ನಿಲ್ದಾಣ ಸಂಗಮ. ಕಾವೇರಿಯ ಕಡೆಯ ದಡದಲ್ಲಿ, ಊರವರು ಮೀಯುವ ಜಾಗ ಕೇಳಿಕೊಂಡು, ಮಕ್ಕಳು ಮೊಣಕಾಲುದ್ದದ ನೀರಿನಲ್ಲಿ ಕುಳಿತು ಮನಸಾರೆ ಆಡಿದರು. ಅರ್ಕಾವತಿಯನ್ನು ದಾಟಿ ನಾಲ್ಕೈದು ಕಿಲೋಮೀಟರ್ ಹೋದರೆ ಮೇಕೆದಾಟು. ಅಲ್ಲಿ ಕಾವೇರಿ ಕಿರಿದಾದ ಕಂದರದಲ್ಲಿ ನುಗ್ಗುತ್ತಾಳೆ. ಸುಳಿಗೆ ಸಿಕ್ಕ ಕಲ್ಲುಗಳು ಸಾವಿರಾರು ವರ್ಷ ತಿರುಗಿ ತಿರುಗಿ ಬಂಡೆಯಲ್ಲಿ ಒರಳಿನಂಥ ಗುಂಡಿಗಳನ್ನು ಕೊರೆದಿವೆ. ಕಣ್ಣಿಗೆ ಅವು ಚೆಂದ. ಕಾಲು ಜಾರಿದರೆ ಮಾತ್ರ ಎಂಥ ಈಜುಗಾರನಿಗೂ ಉಳಿಗಾಲವಿಲ್ಲ.

ಇನ್ನೊಂದು ಮಾತು ಮಕ್ಕಳಿಗೆ ತಿಳಿದಿರಲಿ. ಸಂಗಮಕ್ಕಿಂತ ಮೇಲೆ, ತೊರೆಕಾಡನಹಳ್ಳಿಯಿಂದ ಕಾವೇರಿ ನೀರನ್ನು ಪಂಪು ಮಾಡಿ ಬೆಂಗಳೂರಿಗೆ ಏರಿಸುತ್ತಾರೆ. 1974ರಲ್ಲಿ ಶುರುವಾದ ಯೋಜನೆ ಅದು. ಅಲ್ಲಿ ತಿಳಿಯಾಗಿ ಹೊರಟ ನೀರು ನಮ್ಮ ನಲ್ಲಿ, ಬಚ್ಚಲು, ಮೋರಿ ದಾಟಿ, ನೊರೆ ಹೊತ್ತು ಸಂಗಮದಲ್ಲಿ ಕಾವೇರಿಗೇ ಮರಳುತ್ತದೆ. ಆ ಹೊಳೆಯ ದಂಡೆಯಲ್ಲಿ ಬದುಕುವವರಿಗೆ ಇದು ಎರಡು ದಿನದ ಪ್ರವಾಸದ ನೋಟವಲ್ಲ, ದಿನನಿತ್ಯದ ನೀರು. ಮನೆಯಲ್ಲಿ ಒಂದು ಚಮಚ ಸೋಪಿನ ಪುಡಿ ಕಡಿಮೆ ಮಾಡುವುದು ಎಷ್ಟು ಸಣ್ಣ ಕೆಲಸ! ಆದರೆ ಆ ಚಮಚ ಎಲ್ಲಿಗೆ ಹೋಗುತ್ತದೆಂದು ಕಂಡ ಮಕ್ಕಳಿಗೆ ಅದು ಸಣ್ಣದಾಗಿ ತೋರುವುದಿಲ್ಲ.

ಹೊರಡುವವರಿಗೆ: ಅಕ್ಟೋಬರಿನಿಂದ ಜನವರಿವರೆಗೆ ಒಳ್ಳೆಯ ಕಾಲ. ಕನಕಪುರದಿಂದ ಸಂಗಮಕ್ಕೆ ಸುಮಾರು 35 ಕಿ.ಮೀ. ಸಂಗಮ, ಮೇಕೆದಾಟು ಕಾವೇರಿ ವನ್ಯಧಾಮದ ವ್ಯಾಪ್ತಿಯಲ್ಲಿವೆ. ಅಲ್ಲಿ ಮನಬಂದಂತೆ ಡೇರೆ ಹೂಡುವಂತಿಲ್ಲ. ಕತ್ತಲಾಗುವ ಮೊದಲೇ ವಾಪಸು ಹೊರಡಿ. ಊಟ, ಕುಡಿಯುವ ನೀರು ಜೊತೆಗಿರಲಿ. ಪ್ಲಾಸ್ಟಿಕ್ಕು ನಿಮ್ಮೊಂದಿಗೇ ಮರಳಲಿ. ಈಜು ಕಲಿಯಲು ಊರಿನ ಈಜುಕೊಳವಿದೆ. ಹೊಳೆಯ ಬಳಿ ಮಕ್ಕಳ ಕೈ ಬಿಡಬೇಡಿ.