ಮರುದನಿಯ ಅಳತೆ

ಅಳೆಯುವುದು ಮನುಷ್ಯನಿಗೆ ಬಹಳ ಹಿಂದಿನಿಂದ ಬಂದ ಅಭ್ಯಾಸ. ಬಟ್ಟೆಯನ್ನು ಮೊಳದಿಂದ, ಬಾವಿಯ ಆಳವನ್ನು ಮಾರಿನಿಂದ, ಭತ್ತವನ್ನು ಕೊಳಗದಿಂದ ನಮ್ಮ ಹಿರಿಯರು ಅಳೆದರು. ಕಣ್ಣಿಗೆ ಕಾಣುವ ವಸ್ತುವನ್ನು ಅಳೆಯುವುದು ಅಷ್ಟು ಕಷ್ಟವಲ್ಲ. ತಪ್ಪಿದರೆ ಪಕ್ಕದಲ್ಲಿ ನಿಂತವರು ತಿದ್ದುತ್ತಾರೆ. ಕಾಣದುದನ್ನು ಅಳೆಯಹೊರಟಾಗ ಮಾತ್ರ ನಮ್ಮ ತಿಳಿವಳಿಕೆ ಎಷ್ಟರದೆಂಬುದು ಬಯಲಾಗುತ್ತದೆ. ಅಂಗೈಯಗಲದ ಒಂದು ಉಪಕರಣ ನನಗೆ ಈ ಪಾಠವನ್ನು ಕಲಿಸಿದ ಬಗೆಯನ್ನು ಇಲ್ಲಿ ಹೇಳುತ್ತೇನೆ.

ನಾನು ಮಲೆನಾಡಿನ ಒಂದು ಹಳ್ಳಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ಹಗಲೆಲ್ಲ ಛಂದಸ್ಸು, ವ್ಯಾಕರಣ, ರಾತ್ರಿಯಾದರೆ ರೇಡಿಯೋ. ನಡುವಯಸ್ಸಿನಲ್ಲಿ ಕೇಂದ್ರ ಸರ್ಕಾರದ ಪರೀಕ್ಷೆಗೆ ಕುಳಿತು, ಹವ್ಯಾಸಿ ರೇಡಿಯೋ ಪರವಾನಗಿಯನ್ನು ಪಡೆದೆ. ಈ ಹವ್ಯಾಸವನ್ನು ಬರಿಯ ಆಟವೆಂದು ತಿಳಿಯಬಾರದು. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನ್ ದ್ವೀಪಗಳನ್ನು ಅಪ್ಪಳಿಸಿದಾಗ, ಪೋರ್ಟ್ ಬ್ಲೇರಿನಲ್ಲಿದ್ದ ಹವ್ಯಾಸಿಗಳು ಅಲ್ಲಿನವರ ಕ್ಷೇಮಸಮಾಚಾರವನ್ನು ಈಚಿನ ನೆಲಕ್ಕೆ ಮುಟ್ಟಿಸಿದರು. ನನ್ನ ಯಂತ್ರವೂ ಒಂದು ದಿನ ಯಾರಿಗಾದರೂ ನೆರವಾದೀತೆಂಬ ಆಸೆ ನನಗಿತ್ತು.

ಆ ದಿನ 2019ರ ಆಗಸ್ಟಿನಲ್ಲಿ ಬಂದಿತು. ಮಳೆ ಹಗಲಿರುಳೆನ್ನದೆ ಸುರಿಯಿತು. ಗುಡ್ಡ ಜರಿದು ರಸ್ತೆ ಮುಚ್ಚಿತು, ವಿದ್ಯುತ್ತು ಹೋಯಿತು, ದೂರವಾಣಿ ಮೂಕವಾಯಿತು. ಪಕ್ಕದ ಮನೆಯ ಅಜ್ಜಿ ನಮ್ಮ ಜಗಲಿಗೆ ಬಂದು ಕುಳಿತಳು. ಅವಳ ಮಗ ಬೆಂಗಳೂರಿನಲ್ಲಿದ್ದ. “ಮೇಷ್ಟ್ರೇ, ನಾನು ಬದುಕಿದ್ದೇನೆ ಅಂತ ಒಂದು ಮಾತು ಅವನಿಗೆ ಮುಟ್ಟಿಸಿ, ಸಾಕು” ಎಂದಳು. ಬ್ಯಾಟರಿಗೆ ಯಂತ್ರವನ್ನು ಜೋಡಿಸಿ 7.1 ಮೆಗಾಹರ್ಟ್ಸಿನಲ್ಲಿ ಕರೆಯತೊಡಗಿದೆ. ಬೇರೆಯವರ ದನಿಗಳು ಕ್ಷೀಣವಾಗಿ ಕೇಳಿಸುತ್ತಿದ್ದವು. ನನ್ನ ದನಿ ಮಾತ್ರ ಯಾರಿಗೂ ಕೇಳಿಸಲಿಲ್ಲ. ನಾಲ್ಕು ದಿನ ಕೂಗಿದೆ. ಐದನೆಯ ದಿನ ಅವಳ ಮಗ ಕುಸಿದ ಗುಡ್ಡವನ್ನು ಕಾಲ್ನಡಿಗೆಯಲ್ಲಿ ಹತ್ತಿಳಿದು, ಮೈಯೆಲ್ಲ ಕೆಸರಾಗಿ ಬಂದು ನಿಂತ. ತಾಯಿಯನ್ನು ಕಂಡು ಅವನು ಅತ್ತುದನ್ನು ನಾನು ಮರೆತಿಲ್ಲ. ಜರಿಯುತ್ತಿದ್ದ ಆ ಮಣ್ಣಿನ ಮೇಲೆ ಅವನ ಕಾಲು ಜಾರಿದ್ದರೆ?

ನನಗೆ ಅರ್ಥವಾಗದ ಸಂಗತಿಯೊಂದಿತ್ತು. ನನ್ನ ಮೀಟರು ಎಲ್ಲವೂ ಸರಿಯಾಗಿದೆಯೆಂದೇ ತೋರಿಸುತ್ತಿತ್ತು.

ಇದನ್ನು ಕೊಂಚ ವಿವರಿಸಬೇಕು. ಪರ್ಯಾಯ ವಿದ್ಯುತ್ ಪ್ರವಾಹಕ್ಕೆ ಒಂದು ಮಂಡಲವು ಒಡ್ಡುವ ಒಟ್ಟು ತಡೆಗೆ ಇಂಪೀಡೆನ್ಸ್ ಎಂದು ಹೆಸರು. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1886ರಲ್ಲಿ ಈ ಪದವನ್ನು ಬಳಕೆಗೆ ತಂದನು. ಯಂತ್ರ, ಕೇಬಲ್ಲು, ಆಂಟೆನಾ ಈ ಮೂರರ ಇಂಪೀಡೆನ್ಸ್ ಹೊಂದಿಕೊಂಡಿದ್ದರೆ ಅಲೆ ಸರಾಗವಾಗಿ ಸಾಗಿ ಆಕಾಶಕ್ಕೆ ಹೊಮ್ಮುತ್ತದೆ. ನಮ್ಮ ಯಂತ್ರಗಳಿಗೂ ಕೇಬಲ್ಲುಗಳಿಗೂ ಸಾಮಾನ್ಯವಾಗಿ 50 ಓಮ್ ಎಂದು ಗೊತ್ತುಮಾಡಿರುತ್ತಾರೆ. ಹೊಂದಿಕೆ ತಪ್ಪಿದರೆ, ಕೆರೆಯ ಅಲೆ ಏರಿಗೆ ಬಡಿದು ಹಿಂದಿರುಗುವಂತೆ, ಒಂದು ಪಾಲು ಮರಳಿ ಬರುತ್ತದೆ. ಹೋಗುವ ಅಲೆ ಮತ್ತು ಮರಳುವ ಅಲೆಗಳ ಸಂಬಂಧವನ್ನು ತಿಳಿಸುವ ಸಂಖ್ಯೆಯೇ ಸ್ಥಾಯೀ ತರಂಗ ಅನುಪಾತ. ಏನೂ ಮರಳದಿದ್ದರೆ ಅದು 1. ನನ್ನ ಮೀಟರು 1.2 ತೋರಿಸುತ್ತಿತ್ತು. ಇದಕ್ಕಿಂತ ಉತ್ತಮವಾದ ಸಂಖ್ಯೆ ಯಾರಿಗೆ ಬೇಕು? ಆ ಸಂಖ್ಯೆಯ ವಿಷಯದಲ್ಲಿ ನನಗೆ ಹೆಮ್ಮೆಯಿತ್ತು.

ಆ ವರ್ಷದ ದೀಪಾವಳಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದ. ಒಂಬತ್ತನೆಯ ತರಗತಿಯಲ್ಲಿ ಮಾತುಮಾತಿಗೆ ಎದ್ದು ನಿಂತು “ಅದು ಹೇಗೆ, ಸಾರ್?” ಎಂದು ಕೇಳುತ್ತಿದ್ದ ಹುಡುಗ. ಪಾಠಕ್ಕೆ ಅಡ್ಡಿಯಾಗುತ್ತದೆಂದು ನಾನು ಅವನನ್ನು ಎಷ್ಟೋ ಸಲ ಗದರಿಸಿ ಕೂರಿಸಿದ್ದೆ. ಈಗ ಅವನು ರೇಡಿಯೋ ತಂತ್ರಜ್ಞ. ನನ್ನ ಕಥೆಯನ್ನು ಕೇಳಿ, ಜೇಬಿನಿಂದ ದಿನಚರಿ ಪುಸ್ತಕದಷ್ಟೇ ಇದ್ದ ಒಂದು ಪೆಟ್ಟಿಗೆಯನ್ನು ತೆಗೆದ. ಅದು ನ್ಯಾನೋ ವಿ.ಎನ್.ಎ.; ಪೂರ್ಣ ಹೆಸರು ವೆಕ್ಟರ್ ನೆಟ್‌ವರ್ಕ್ ಅನಲೈಸರ್. ಜಪಾನಿನ ಒಬ್ಬ ಹವ್ಯಾಸಿ ರೂಪಿಸಿದ ಉಪಕರಣವದು. ಹಿಂದೆ ದೊಡ್ಡ ಪ್ರಯೋಗಾಲಯಗಳಲ್ಲಿ ಮಾತ್ರ ಸಾಧ್ಯವಿದ್ದ ಅಳತೆಯನ್ನು ಅದು ಸಾಮಾನ್ಯನ ಕೈಗೆ ತಂದಿದೆ. ತಾನೇ ಸಣ್ಣದೊಂದು ಅಲೆಯನ್ನು ಕಳುಹಿಸಿ, ಮರಳಿದ್ದು ಎಷ್ಟು ಎಂಬುದನ್ನಷ್ಟೇ ಅಲ್ಲದೆ, ಹೋದ ಅಲೆಗಿಂತ ಅದು ಎಷ್ಟು ಹಿಂದೆ ಬಿದ್ದಿದೆ ಎಂಬುದನ್ನೂ ಅದು ಅಳೆಯುತ್ತದೆ. ಹೆಸರಿನಲ್ಲಿರುವ ‘ವೆಕ್ಟರ್’ ಎಂಬುದಕ್ಕೆ ಇದೇ ಕಾರಣ.

ನಾನು ಆತುರದಿಂದ ಕೇಬಲ್ಲನ್ನು ಅವನ ಮುಂದೆ ಹಿಡಿದೆ. ಅವನು ತೆಗೆದುಕೊಳ್ಳಲಿಲ್ಲ. “ಮೊದಲು ಯಂತ್ರದಿಂದ ಕೇಬಲ್ಲನ್ನು ಕಳಚಿರಬೇಕು, ಸಾರ್. ಇದಕ್ಕೆ ಜೋಡಿಸಿದಾಗ ಅಪ್ಪಿತಪ್ಪಿ ಪ್ರಸಾರ ಮಾಡಿದರೆ ಇದು ಸುಟ್ಟುಹೋಗುತ್ತದೆ. ಗುಡುಗು ಸಿಡಿಲಿನ ಹೊತ್ತಿನಲ್ಲಂತೂ ಮುಟ್ಟಲೇಬಾರದು. ಆಮೇಲೆ, ಇದು ತನ್ನನ್ನು ತಾನು ಅಳೆದುಕೊಳ್ಳಬೇಕು” ಎಂದ. ಮೂರು ಚಿಕ್ಕ ಬಿರಡೆಗಳನ್ನು ಒಂದೊಂದಾಗಿ ಅದರ ಬಾಯಿಗೆ ತೊಡಿಸಿದ. ಒಂದರ ಒಳಗೆ ಏನೂ ಇಲ್ಲ. ಇನ್ನೊಂದರಲ್ಲಿ ಎರಡು ತುದಿಗಳೂ ಕೂಡಿಕೊಂಡಿವೆ. ಮೂರನೆಯದರಲ್ಲಿ ನಿಖರವಾದ 50 ಓಮ್. ಗೊತ್ತಿರುವ ಈ ಮೂರನ್ನು ನೋಡಿ ಉಪಕರಣ ತನ್ನ ದೋಷವನ್ನು ತಾನೇ ಕಳೆದುಕೊಳ್ಳುತ್ತದೆ. ಅಳೆಯುವ ಆವೃತ್ತಿಯ ವ್ಯಾಪ್ತಿ ಬದಲಾದರೆ ಈ ಕೆಲಸವನ್ನು ಮತ್ತೆ ಮಾಡಬೇಕು. ಇನ್ನೊಬ್ಬರನ್ನು ಅಳೆಯುವ ಮೊದಲು ತನ್ನನ್ನು ತಿದ್ದಿಕೊಳ್ಳುವ ಈ ಕ್ರಮ ನನಗೆ ಬಹಳ ಹಿಡಿಸಿತು.

ಬಳಿಕ ಅವನು ಮಾಡಿದ್ದು ನನಗೆ ವಿಚಿತ್ರವಾಗಿ ತೋರಿತು. ಆಂಟೆನಾವನ್ನು ಬಿಚ್ಚಿ, 25 ಮೀಟರ್ ಉದ್ದದ ಕೇಬಲ್ಲಿನ ಮೇಲ್ತುದಿಯನ್ನು ಬರಿದಾಗಿ ಬಿಟ್ಟ. “ಈಗ ದಾರಿಯ ಕೊನೆ ಮುಚ್ಚಿದೆ. ಕಳುಹಿಸಿದ್ದರ ಹೆಚ್ಚಿನ ಪಾಲು ಮರಳಲೇಬೇಕಲ್ಲವೇ?” ಎಂದ. ತೆರೆಯ ಮೇಲೆ ಸ್ಮಿತ್ ನಕ್ಷೆ ಎಂಬ ವೃತ್ತ ಮೂಡಿತು. ಅಮೆರಿಕದ ಫಿಲಿಪ್ ಸ್ಮಿತ್ 1939ರಲ್ಲಿ ಪ್ರಕಟಿಸಿದ ನಕ್ಷೆಯಿದು. ಅದರ ನಡುವಿನ ಚುಕ್ಕೆ ಪೂರ್ಣ ಹೊಂದಿಕೆಯನ್ನು ಸೂಚಿಸುತ್ತದೆ. ಹೊರಗಿನ ಅಂಚು ಎಲ್ಲವೂ ಮರಳಿತೆಂಬುದನ್ನು. ಅಂಚಿನ ಕಡೆಗೆ ಸುತ್ತಬೇಕಾಗಿದ್ದ ಗೆರೆ ನಡುವಿನ ಬಳಿಯೇ ಮುದುಡಿಕೊಂಡಿತ್ತು. ಕಳುಹಿಸಿದ 100 ಪಾಲು ಶಕ್ತಿಯಲ್ಲಿ ಮರಳಿದ್ದು ಎರಡೂವರೆ ಪಾಲು ಮಾತ್ರ!

ಅವನು ಲೆಕ್ಕ ಹಾಕಿದ. ಹೋಗುವಾಗ 100ರಲ್ಲಿ 16 ಮಾತ್ರ ಉಳಿಯುತ್ತದೆ. ಬರುವಾಗ ಆ 16ರಲ್ಲಿ ಮತ್ತೆ ಅದೇ ಪ್ರಮಾಣ ಉಳಿದು ಎರಡೂವರೆಯಾಗುತ್ತದೆ. ನನ್ನ 20 ವಾಟಿನ ಯಂತ್ರದಿಂದ ಆಂಟೆನಾ ತಲುಪುತ್ತಿದ್ದದ್ದು ಸುಮಾರು 3 ವಾಟು. ಮಿಕ್ಕಿದ್ದೆಲ್ಲ ದಾರಿಯಲ್ಲೇ ಶಾಖವಾಗಿ ಇಂಗಿಹೋಗುತ್ತಿತ್ತು. ಮೇಲ್ತುದಿಯ ಜೋಡಣೆಗೆ ನಾನು ಅಂಟುಪಟ್ಟಿಯನ್ನು ಸುತ್ತಿ ಕೈತೊಳೆದುಕೊಂಡಿದ್ದೆ. ಕೆಲವು ಮಳೆಗಾಲಗಳ ನೀರು ಅದರ ಮೂಲಕ ಒಳಗಿಳಿದು, ತಾಮ್ರದ ಹೆಣಿಗೆಯನ್ನು ಹಸುರುಗಟ್ಟಿಸಿತ್ತು.

“ಹಾಗಾದರೆ ಮೀಟರು ಸುಳ್ಳು ಹೇಳಿತೇ?” ಎಂದೆ.

“ಇಲ್ಲ, ಸಾರ್. ಏನೂ ಮರಳುತ್ತಿಲ್ಲವೆಂದು ಅದು ಹೇಳಿತು, ಅದು ನಿಜವೇ. ಎಲ್ಲವೂ ತಲುಪಿತೆಂದು ತಿಳಿದುಕೊಂಡವರು ನೀವು.”

ಹೊಸ ಕೇಬಲ್ಲನ್ನು ತಂದೆವು. ಅದರ ಬರಿದಾದ ತುದಿಯಿಂದ 100ರಲ್ಲಿ ಸುಮಾರು 64 ಪಾಲು ಮರಳಿತು. ಎಂದರೆ ಒಮ್ಮುಖವಾಗಿ 80 ಪಾಲು ತಲುಪುತ್ತದೆ. ಆಗ ಆಂಟೆನಾದ ನಿಜಸ್ಥಿತಿಯೂ ಹೊರಬಿದ್ದಿತು. ಅದು ಹೊಂದಿಕೊಂಡದ್ದು 7.1ಕ್ಕಲ್ಲ, 6.85 ಮೆಗಾಹರ್ಟ್ಸಿಗೆ; ತಂತಿ ಉದ್ದವಾಗಿತ್ತು. ಎರಡು ಬದಿಗಳಲ್ಲೂ ಸುಮಾರು 35 ಸೆಂಟಿಮೀಟರ್ ಮೊಟಕುಗೊಳಿಸಿದೆವು. ಕೊನೆಗೆ ಅನುಪಾತ 1.4ಕ್ಕೆ ಬಂದು ನಿಂತಿತು. ಸಂಖ್ಯೆಯನ್ನಷ್ಟೇ ನೋಡಿದರೆ ಹಿಂದಿನ 1.2ಕ್ಕಿಂತ ಇದು ಕಳಪೆ. ಆದರೆ ಆ ಸಂಜೆ ನಾನು ಕರೆದಾಗ, ದೂರದ ಊರಿನಿಂದ ಮೊದಲ ಕೂಗಿಗೇ ಉತ್ತರ ಬಂದಿತು. ಅಜ್ಜಿ ಜಗಲಿಯಲ್ಲಿ ಕುಳಿತು ಕೇಳುತ್ತಿದ್ದಳು. ಏನೂ ಅನ್ನಲಿಲ್ಲ, ತಲೆದೂಗಿ ಎದ್ದುಹೋದಳು.

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಮೂವತ್ತು ವರ್ಷಗಳ ನನ್ನ ತರಗತಿಗಳು ಕಣ್ಣ ಮುಂದೆ ಬಂದವು. ಪಾಠ ಮುಗಿಸಿ “ಅರ್ಥವಾಯಿತೇ?” ಎಂದು ಕೇಳುತ್ತಿದ್ದೆ. ತರಗತಿ ಮೌನವಾಗಿದ್ದರೆ, ಹೇಳಿದ್ದೆಲ್ಲ ತಲುಪಿತೆಂದು ಸಂತೋಷಪಡುತ್ತಿದ್ದೆ. ಆ ಮೌನದಲ್ಲಿ ನನ್ನ ಎಷ್ಟು ಮಾತುಗಳು ದಾರಿಯಲ್ಲೇ ಇಂಗಿಹೋದವೋ! ಮರಳಿ ಬಂದ ಒಂದೇ ಒಂದು ಅಲೆ, ‘ಅದು ಹೇಗೆ, ಸಾರ್?’ ಎಂಬ ಆ ಹುಡುಗನ ಪ್ರಶ್ನೆ. ಅದನ್ನೇ ನಾನು ಗದರಿಸಿ ಕೂರಿಸಿದ್ದೆ.

ಈಗ ಪ್ರತಿವರ್ಷ ಮುಂಗಾರಿಗೆ ಮುನ್ನ ಕೇಬಲ್ಲಿನ ತುದಿಯನ್ನು ಬಿಚ್ಚಿ ಅಳೆಯುತ್ತೇನೆ. ಸಂಜೆ ನಮ್ಮ ಜಗಲಿಗೆ ಪಾಠಕ್ಕೆ ಬರುವ ಮಕ್ಕಳನ್ನು “ಅರ್ಥವಾಯಿತೇ?” ಎಂದು ಕೇಳುವುದನ್ನು ಬಿಟ್ಟಿದ್ದೇನೆ. “ನಾನು ಹೇಳಿದ್ದನ್ನು ನಿನ್ನ ಮಾತಿನಲ್ಲಿ ಹೇಳು, ನೋಡೋಣ” ಎನ್ನುತ್ತೇನೆ. ಅವರು ತಡವರಿಸುತ್ತ ಹೇಳುವುದನ್ನು ಕೇಳಿದ ಮೇಲೆಯೇ ಮುಂದಿನ ಪದ್ಯಕ್ಕೆ ಹೋಗುತ್ತೇನೆ.