ಕಾಕಾನ ಎದೆಯ ಮಷೀನು ಮತ್ತು ಹೊಲದ ಪಂಪು

ನಮ್ಮ ಕಾಕಾನ ಎದೆಯಲ್ಲಿ, ಭುಜದೆಲುಬಿನ ಕೆಳಗೆ, ಐಸಿಡಿ ಎಂಬ ಪುಟ್ಟ ಮಷೀನಿದೆ. ಹೃದಯ ಲಯತಪ್ಪಿ ಓಡತೊಡಗಿದರೆ ಷಾಕ್ ಕೊಟ್ಟು ಹಳಿಗೆ ತರುವುದು ಅದರ ಕೆಲಸ. ಶಿರಹಟ್ಟಿ ಹತ್ತಿರದ ಹೊಲದಲ್ಲಿ ಒಮ್ಮೆ ಬೋರ್‌ವೆಲ್ ಪೈಪು ಹಿಡಿದಾಗ ಎದೆಗೆ ಎರಡು ಸಲ ಹೊಡೆಯಿತು. "ಎಮ್ಮಿ ಒದ್ದಂಗಾತು" ಅಂದರು ಕಾಕಾ. ತಲೆ ಸುತ್ತಿರಲಿಲ್ಲ, ಎಚ್ಚರವೂ ತಪ್ಪಿರಲಿಲ್ಲ.

ನಾವು ಮಾತ್ರ ಅವರನ್ನು ಏನೂ ಕೇಳದೆ ಮನೆಯ ವಾಟ್ಸಾಪ್ ಗುಂಪಿನಲ್ಲಿ ಬರೆದೆವು: "ಹಾರ್ಟ್ ನಿಂತಿತ್ತು, ಮಷೀನ್ ಉಳಿಸಿತು." ಮುಂಡರಗಿಯ ಅತ್ತಿ ಅಳುತ್ತ ಹೊರಟರು. ಗದಗ-ಬೆಟಗೇರಿಯಿಂದ ಫೋನು ನಿಲ್ಲಲಿಲ್ಲ. ಪತ್ರಿಕೋದ್ಯಮ ಓದಿದವರು ನಾವೇ!

ಅಂದೇ ಲಕ್ಷ್ಮೇಶ್ವರದ ಮೇಲೆ ಹುಬ್ಬಳ್ಳಿಗೆ ಹೋದೆವು. ಮಷೀನಿನ ನೆನಪಿನಲ್ಲಿದ್ದ ಗೆರೆಗಳನ್ನು ಡಾಕ್ಟರು ತೋರಿಸಿದರು. ಕಾಕಾನ ಬಡಿತ ತನ್ನ ಪಾಡಿಗೆ ನಡೆದಿತ್ತು. ನಡುವೆ ಗರಗಸದ ಹಲ್ಲಿನಂತೆ ಸಣ್ಣ ಗೆರೆಗಳು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ತೂಗುತ್ತದೆ. ಸೋರಿದ ಆ ಕರೆಂಟನ್ನೇ ಮಷೀನು ಬಡಿತವೆಂದು ಎಣಿಸಿತ್ತು. 140 ಮಿಲಿಸೆಕೆಂಡಿಗಿಂತ ಕಡಿಮೆ ಅಂತರ ಮತ್ತೆ ಮತ್ತೆ ಬಂದರೆ ಅದು ಹೃದಯದ್ದಲ್ಲ ಎಂದೇ ಶಂಕಿಸುತ್ತಾರಂತೆ.

ಹೃದಯಕ್ಕೆ ಹೋಗುವ ವೈರು ಒಳಗೆ ಮುರಿದರೂ ಇಂಥ ಸುಳ್ಳು ಬಡಿತ ಕಾಣುತ್ತದೆ. 2007ರ ಅಕ್ಟೋಬರಿನಲ್ಲಿ ಮೆಡ್‌ಟ್ರಾನಿಕ್ ಕಂಪನಿ ಇದೇ ಕಾರಣಕ್ಕೆ 'ಸ್ಪ್ರಿಂಟ್ ಫಿಡೆಲಿಸ್' ವೈರುಗಳ ಮಾರಾಟ ನಿಲ್ಲಿಸಿತ್ತು. ವೈರು ಮುರಿದರೆ ಗದ್ದಲ ಸಾಮಾನ್ಯವಾಗಿ ವೈರಿನ ತುದಿಯ ಗೆರೆಯಲ್ಲಷ್ಟೇ ಕಾಣುತ್ತದೆ. ಹೊರಗಿನ ಕರೆಂಟಾದರೆ ಎರಡೂ ಗೆರೆಗಳಲ್ಲಿ. ಕಾಕಾನದು ಎರಡರಲ್ಲೂ ಇತ್ತು. ವೈರು ಗಟ್ಟಿಯಿತ್ತು.

ಹೊಲಕ್ಕೆ ಬಂದ ಎಲೆಕ್ಟ್ರಿಷಿಯನ್ ಪಂಪಿನ ಅರ್ಥಿಂಗ್ ವೈರು ತುಂಡಾಗಿದ್ದನ್ನು ಹಿಡಿದ. ಅದೇ ಪೈಪು ನಾವೂ ಮುಟ್ಟುತ್ತಿದ್ದೆವು. ಕೈಗೆ ಜುಮ್ಮೆನ್ನದಷ್ಟು ಸಣ್ಣ ಸೋರಿಕೆ. ಹೃದಯದ ಬಗ್ಗೆ ಮಷೀನು ಹೇಳಿದ್ದು ಸುಳ್ಳು, ಪಂಪಿನ ಬಗ್ಗೆ ಖರೆ. ಅರ್ಥಿಂಗ್ ಸರಿಮಾಡಿಸಿ, ಸೋರಿದರೆ ಕರೆಂಟು ಕಡಿಯುವ ಇಎಲ್‌ಸಿಬಿ ಕೂಡಿಸಿದೆವು.

ಹಾಗಂತ ಷಾಕ್ ಸುಳ್ಳೋ ಖರೆಯೋ ಎಂದು ಮನೆಯಲ್ಲೇ ತೀರ್ಮಾನಿಸಬಾರದು. ಒಂದೇ ಷಾಕ್ ಬಿದ್ದು ಆರಾಮಿದ್ದರೆ ಡಾಕ್ಟರಿಗೆ ಫೋನು. ಎರಡು ಬಿದ್ದರೆ, ತಲೆ ಸುತ್ತಿದರೆ, ನೇರ ಆಸ್ಪತ್ರೆಗೆ.

ಗುಂಪಿನಲ್ಲಿ ತಿದ್ದುಪಡಿ ಹಾಕಿದೆವು. ಓದಿದವರು ಕಡಿಮೆ. ಕಾಕಾ ಎರಡು ತಿಂಗಳು ಪಂಪಿನ ಹತ್ತಿರ ಸುಳಿಯಲಿಲ್ಲ. ಈಗ ಹೋಗುತ್ತಾರೆ; ಮೊದಲು ನಮಗೆ ಟೆಸ್ಟರ್ ಹಿಡಿಯಲು ಹೇಳುತ್ತಾರೆ.