"ಹಂದಿ ತಿಂತೀರಲ್ವಾ?"

ಇವತ್ತು ಅಕ್ಕನ ಸ್ಕ್ಯಾನ್ ಇತ್ತು. 2016ರಲ್ಲಿ ಮೆದುಳಿನ ಆಪರೇಷನ್ ಆದವಳು. ರಿಪೋರ್ಟ್ ಚೆನ್ನಾಗಿದೆ. ನಿಮ್ಹಾನ್ಸ್‌ನಿಂದ ಬನಶಂಕರಿಗೆ ಬಸ್ಸಲ್ಲಿ ಬರುವಾಗ, ಬಹಳ ದಿನದಿಂದ ಮನಸ್ಸಲ್ಲೇ ಇಟ್ಟುಕೊಂಡಿದ್ದನ್ನ ಬರೆದುಬಿಡೋಣ ಅನ್ನಿಸಿತು.

ಅಕ್ಕ ಜಯನಗರದಲ್ಲಿ ಕಸ ಗುಡಿಸೋ ಪೌರಕಾರ್ಮಿಕಳು. ಎರಡು ತಿಂಗಳು ತಲೆನೋವನ್ನ ಮೆಡಿಕಲ್ ಸ್ಟೋರ್ ಮಾತ್ರೆಯಲ್ಲೇ ತಳ್ಳಿದಳು. ರಜೆ ಹಾಕಿದರೆ ಸಂಬಳ ಕಟ್. ಒಂದು ಬೆಳಗ್ಗೆ ಪೊರಕೆ ಹಿಡಿದೇ ವಾಂತಿ ಮಾಡಿ ಬಿದ್ದಳು. ಸ್ಕ್ಯಾನ್ ಮಾಡಿದಾಗ ಮೆದುಳಿನೊಳಗೆ ನೀರು ಹರಿಯೋ ದಾರಿಗೆ ಒಂದು ಗುಳ್ಳೆ ಅಡ್ಡ ಕೂತಿತ್ತು. ಕ್ಯಾನ್ಸರ್ ಅಲ್ಲ, ಲಾಡಿಹುಳುವಿನ ಮರಿ ಇರೋ ಗುಳ್ಳೆ, ನ್ಯೂರೋಸಿಸ್ಟಿಸರ್ಕೋಸಿಸ್ ಅಂದರು.

ಆಫೀಸಲ್ಲಿ ಹೇಳಿದೆ. ಪಕ್ಕದ ಟೇಬಲ್‌ನವರು ಮೊದಲು ಕೇಳಿದ್ದು ಅಕ್ಕ ಹೇಗಿದ್ದಾರೆ ಅಂತಲ್ಲ. "ನೀವು ಹಂದಿ ತಿಂತೀರಲ್ವಾ?"

ತಿಂತೀವಿ. ಆದರೆ ಅವತ್ತು ನಾನು ತಲೆ ತಗ್ಗಿಸಿದೆ. ಅದನ್ನ ನೆನೆದರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತೆ.

ಡಾಕ್ಟರ್ ಬಿಡಿಸಿ ಹೇಳಿದ್ದು ಇಷ್ಟು. ಹುಳುವಿನ ಮರಿ ಇರೋ ಹಂದಿ ಬಾಡನ್ನ ಸರಿಯಾಗಿ ಬೇಯಿಸದೆ ತಿಂದರೆ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯುತ್ತೆ. ಮೆದುಳಿನ ಗುಳ್ಳೆ ಬರೋ ದಾರಿ ಬೇರೆ. ಹುಳು ಇರೋ ಮನುಷ್ಯನ ಮಲದಲ್ಲಿರೋ ಮೊಟ್ಟೆಗಳು ನೀರು, ಹಸಿ ಸೊಪ್ಪು, ತೊಳೆಯದ ಕೈ ಮೂಲಕ ಬಾಯಿಗೆ ಹೋದರೆ ಬರುತ್ತೆ. ಹುಟ್ಟಿದಾಗಿನಿಂದ ಮಾಂಸ ಮುಟ್ಟದವರಿಗೂ ಬರುತ್ತೆ. ಅಕ್ಕನ ಪಕ್ಕದ ಬೆಡ್‌ನಲ್ಲಿದ್ದ ಹೆಂಗಸು ಈರುಳ್ಳಿ ಕೂಡ ತಿನ್ನದ ಮನೆಯವರು. ಅದೇ ಕಾಯಿಲೆ. ಕೋಸಂಬರಿಗೆ ಹಾಕಿದ ಕೊತ್ತಂಬರಿ ಯಾವ ನೀರಲ್ಲಿ ಬೆಳೀತು ಅಂತ ಅವರನ್ನ ಯಾರೂ ಕೇಳಲಿಲ್ಲ.

ಅಕ್ಕನಿಗೆ ಎಲ್ಲಿಂದ ಬಂತು ಅಂತ ಸಾಬೀತು ಮಾಡೋಕೆ ನನ್ನ ಕೈಲಾಗಲ್ಲ. ಆದರೆ ಊರವರ ಡೈಪರ್, ಮೋರಿ ಹೂಳು ಎಲ್ಲ ಬರಿಗೈಲಿ ಎತ್ತಿದವಳು ಅವಳು. ಗ್ಲೌಸ್ ಕೇಳಿದರೆ ಗುತ್ತಿಗೆದಾರ "ಮುಂದಿನ ತಿಂಗಳು" ಅಂತಿದ್ದ. ತಿಂಡಿಗೆ ಮುಂಚೆ ಕೈ ತೊಳೆಯೋಕೆ ಒಂದು ನಲ್ಲಿ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಈ ಕಾಯಿಲೆಯನ್ನ 'ನಿರ್ಲಕ್ಷಿತ' ಕಾಯಿಲೆಗಳ ಪಟ್ಟಿಯಲ್ಲಿಟ್ಟಿದೆ. ಯಾರ ಕಾಯಿಲೆ ನಿರ್ಲಕ್ಷ್ಯಕ್ಕೆ ಒಳಗಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ.

ಈ ಗುಳ್ಳೆ ಬಂದವರಲ್ಲಿ ಹೆಚ್ಚಿನವರಿಗೆ ಆಪರೇಷನ್ ಬೇಡ, ಡಾಕ್ಟರ್ ಕಣ್ಗಾವಲಲ್ಲಿ ಮಾತ್ರೆ ಸಾಕು. ಹುಳದ ಮಾತ್ರೆ ನೀವೇ ತಂದು ನುಂಗಬೇಡಿ, ಗುಳ್ಳೆ ಸಾಯುವಾಗ ಮೆದುಳು ಊದಿಕೊಳ್ಳಬಹುದು. ಅಕ್ಕನಿಗೆ ನೀರಿನ ದಾರಿಯೇ ಕಟ್ಟಿದ್ದರಿಂದ ತಲೆಬುರುಡೆಗೆ ಸಣ್ಣ ತೂತು ಮಾಡಿ, ಎಂಡೋಸ್ಕೋಪ್ ಇಳಿಸಿ ಗುಳ್ಳೆ ತೆಗೆದರು. ತಲೆಯಿಂದ ಹೊಟ್ಟೆಗೆ ನಳಿಗೆ ಹಾಕೋ ಶಂಟ್ ಬೇಕಾಗಲಿಲ್ಲ, ಅದೃಷ್ಟ. ಶಂಟ್ ಹಾಕಿದವರಿಗೆ ಅದು ಕಟ್ಟಿಕೊಂಡರೆ ಮತ್ತೆ ಆಪರೇಷನ್.

ಆಪರೇಷನ್‌ಗೇ ಎಲ್ಲ ಮುಗೀಲಿಲ್ಲ. ಇನ್ನೊಂದು ಸಣ್ಣ ಗುಳ್ಳೆ ಸತ್ತು ಸುಣ್ಣಗಟ್ಟಿ ಕಲೆಯಾಗಿ ಉಳಿದಿದೆ. ಅದರಿಂದ ಫಿಟ್ಸ್ ಬರಬಾರದು ಅಂತ ದಿನಾ ಮಾತ್ರೆ. ಒಮ್ಮೆ ದುಡ್ಡಿಲ್ಲದೆ ನಾಲ್ಕು ದಿನ ತಪ್ಪಿತು. ಐದನೇ ದಿನ ಒಲೆ ಮುಂದೆ ಬಿದ್ದಳು. ಮೊಣಕೈ ಮೇಲೆ ಸುಟ್ಟ ಕಲೆ ಇನ್ನೂ ಇದೆ.

ಅದಕ್ಕೇ ಹೇಳ್ತಿದ್ದೀನಿ. ನಮ್ಮ ಏರಿಯಾಗಳಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಕೀ ಕೊಟ್ಟು ಸುಮ್ಮನಾಗಬೇಡಿ. ಪಕ್ಕಕ್ಕೆ ಮಲಗಿಸಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ, ಸ್ಕ್ಯಾನ್ ಕೇಳಿ. ಮಾತ್ರೆ ನೀವೇ ನಿಲ್ಲಿಸಬೇಡಿ. ಸಂಘಟನೆಯವರು ಗ್ಲೌಸ್, ನಲ್ಲಿ, ಶೌಚಾಲಯ, ಸಂಬಳ ಸಮೇತ ರಜೆ, ಇಷ್ಟನ್ನೂ ಒಂದೇ ಮನವಿಯಲ್ಲಿ ಬರೆಯಿರಿ. ಇದೆಲ್ಲ ಮೆದುಳಿನ ವಿಷಯವೇ.

ಬಸ್ಸು ಇಳಿಯುವಾಗ ಅಕ್ಕ ಕೇಳಿದಳು: "ಭಾನುವಾರ ಹಂದಿ ಬಾಡು ತರ್ತೀಯೇನೋ? ಚೆನ್ನಾಗಿ ಬೇಯಿಸ್ತೀನಿ."

ತರ್ತೀನಿ ಅಂದೆ. ಈ ಸಲ ಆಫೀಸಿಗೂ ಡಬ್ಬಿ ತಗೊಂಡು ಹೋಗ್ತೀನಿ.

ಜೈ ಭೀಮ್.